ಗುಜರಿ ಸೇರುವ ಮುನ್ನ ಸೀಸೆಗೊಂದು ಸಂಘ

ಬೆಂಗಳೂರು: ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಿಂದ ಮೊದಲು ಕೆಳಗಿಳಿಯುವುದು ಖಾಲಿ ಸೀಸೆಗಳು. ಗುಜರಿಯವನ ಚೀಲಕ್ಕೆ ಮೊದಲು ಬೀಳುವುದೂ ಅವೇ. ಹಿತ್ತಾಳೆಯ ಚೊಂಬಿಗೆ ತೂಕದ ಬೆಲೆಯಾದರೂ ಇದೆ, ಹಳೆಯ ಪುಸ್ತಕವನ್ನು ನೆಂಟರು ಯಾರಾದರೂ ಕೇಳಿ ಪಡೆಯುತ್ತಾರೆ. ಗಾಜಿನ ಸೀಸೆಯನ್ನು ಕೇಳುವವರಿಲ್ಲ. ಅದು ಚೂರಾಗಿ ಕುಲುಮೆ ಸೇರಿ ಮತ್ತೊಂದು ಸೀಸೆಯಾಗುತ್ತದೆ. ಪರಿಸರದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಹಾಗೆ ಚೂರಾದ ಸೀಸೆಗಳಲ್ಲಿ ಕೆಲವು ತಮ್ಮ ಮೈಮೇಲೆ ಒಂದು ಊರಿನ, ಒಂದು ಕಾರ್ಖಾನೆಯ, ಒಬ್ಬ ಸೋಡಾ ವ್ಯಾಪಾರಿಯ ಹೆಸರನ್ನು ಹೊತ್ತಿರುತ್ತವೆ. ಆ ಹೆಸರು ಬೇರೆಲ್ಲಿಯೂ ದಾಖಲಾಗಿರದಿದ್ದರೆ ಸೀಸೆಯೊಂದಿಗೆ ಅದೂ ಅಳಿಸಿಹೋಗುತ್ತದೆ.

ಹಳೆಯ ಬಾಟಲಿಗಳನ್ನು ಕೂಡಿಡುವ ಹವ್ಯಾಸ ಇಂಥ ನಷ್ಟವನ್ನು ತಡೆಯುವ ಒಂದು ದಾರಿ. ಅಂಚೆಚೀಟಿ, ನಾಣ್ಯಗಳ ಸಂಗ್ರಹದಷ್ಟು ಪ್ರಸಿದ್ಧವಲ್ಲದಿದ್ದರೂ ಜಗತ್ತಿನ ಅನೇಕ ದೇಶಗಳಲ್ಲಿ ಇದಕ್ಕೆ ವ್ಯವಸ್ಥಿತ ಸಂಘಗಳಿವೆ, ಪತ್ರಿಕೆಗಳಿವೆ, ವಾರ್ಷಿಕ ಮೇಳಗಳಿವೆ. ಈ ಸಂಘಗಳೆಲ್ಲ ಎದುರಿಸುವ ಪ್ರಶ್ನೆ ಒಂದೇ: ಹೊಸ ಸದಸ್ಯರನ್ನು ಕರೆತರುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ? ಒಬ್ಬ ಸಂಗ್ರಹಕಾರ ಸೀಸೆಯನ್ನು ಉಳಿಸಬಲ್ಲ. ಆ ಸೀಸೆಯ ಕುರಿತ ತಿಳಿವಳಿಕೆ ಆತನ ನಂತರವೂ ಉಳಿಯಬೇಕಾದರೆ ಅದನ್ನು ಕೇಳಿಸಿಕೊಂಡ ಇನ್ನೊಬ್ಬನಿರಬೇಕು. ಸಂಘಕ್ಕೆ ಹೊಸಬರು ಬೇಕು ಎನ್ನುವುದರ ನಿಜವಾದ ಅರ್ಥ ಇದು.

ಹವ್ಯಾಸದ ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊದಲ್ಲಿ 1959ರಲ್ಲಿ ಹಳೆಯ ಬಾಟಲಿ ಸಂಗ್ರಹಕಾರರು ಸೇರಿ ಸಂಘವೊಂದನ್ನು ಕಟ್ಟಿದರು. ಚಿನ್ನದ ಗಣಿಗಾರಿಕೆಯ ಕಾಲದಲ್ಲಿ ಬೆಳೆದು ಬಳಿಕ ಪಾಳುಬಿದ್ದ ಊರುಗಳ ಕಸದ ಗುಂಡಿಗಳಲ್ಲಿ ಸಿಗುತ್ತಿದ್ದ ಸೀಸೆಗಳು ಅಲ್ಲಿನವರ ಕುತೂಹಲಕ್ಕೆ ಕಾರಣವಾಗಿದ್ದವು. ಹತ್ತು ವರ್ಷಗಳಲ್ಲಿ ಇಂಥ ಸಂಘಗಳ ಸಂಖ್ಯೆ ಹೆಚ್ಚಿ, 1969ರಲ್ಲಿ ಅವುಗಳ ರಾಷ್ಟ್ರೀಯ ಒಕ್ಕೂಟವೇ ಸ್ಥಾಪನೆಯಾಯಿತು. ಇಂಗ್ಲೆಂಡಿನಲ್ಲಿಯೂ ವಿಕ್ಟೋರಿಯಾ ರಾಣಿಯ ಕಾಲದ ತಿಪ್ಪೆಗಳನ್ನು ಅಗೆದು ಶುಂಠಿ ಬಿಯರಿನ ಪಿಂಗಾಣಿ ಸೀಸೆ, ಔಷಧದ ಸೀಸೆಗಳನ್ನು ಹೊರತೆಗೆಯುವ ಹವ್ಯಾಸಿಗಳ ದೊಡ್ಡ ಬಳಗ ಬೆಳೆಯಿತು.

ನಮ್ಮಲ್ಲಿ ಸಂಗ್ರಹ ಹವ್ಯಾಸದ ಸಂಘಟನೆ ಹೊಸದೇನಲ್ಲ. ಭಾರತದ ಅಂಚೆಚೀಟಿ ಸಂಗ್ರಹಕಾರರ ಸಂಘ 1897ರಲ್ಲಿ, ಭಾರತೀಯ ನಾಣ್ಯಶಾಸ್ತ್ರ ಸಂಘ 1910ರಲ್ಲಿ ಆರಂಭವಾದವು. ಕರ್ನಾಟಕ ಫಿಲಾಟೆಲಿಕ್ ಸೊಸೈಟಿ 1975ರಿಂದ ಕೆಲಸ ಮಾಡುತ್ತಿದೆ. ಅಂಚೆ ಇಲಾಖೆ ನಡೆಸುವ ‘ಕರ್ನಾಪೆಕ್ಸ್’ ಪ್ರದರ್ಶನಗಳಿಗೆ ಶಾಲಾ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಈ ಎರಡು ಹವ್ಯಾಸಗಳಿಗೆ ಇರುವ ಅನುಕೂಲವೆಂದರೆ ಪಟ್ಟಿ. ಯಾವ ಚೀಟಿ ಯಾವ ವರ್ಷದ್ದು, ಯಾವ ನಾಣ್ಯ ಯಾವ ಟಂಕಸಾಲೆಯದು ಎಂಬುದನ್ನು ಹೇಳುವ ಗ್ರಂಥಗಳು ಸಿದ್ಧವಾಗಿವೆ. ಹೊಸಬನೊಬ್ಬ ಪುಸ್ತಕ ತೆರೆದು ತನ್ನಲ್ಲಿರುವುದನ್ನು ಗುರುತಿಸಬಹುದು.

ಸೀಸೆಯ ವಿಷಯದಲ್ಲಿ ಹಾಗಲ್ಲ. ಸರ್ಕಾರ ಅಚ್ಚು ಹಾಕಿದ್ದು ನಾಣ್ಯ. ಊರೂರಿನ ವ್ಯಾಪಾರಿ ತನ್ನ ಅಗತ್ಯಕ್ಕೆ ತಕ್ಕಂತೆ ಮಾಡಿಸಿಕೊಂಡದ್ದು ಸೀಸೆ. ಹಾಗಾಗಿ ಇಲ್ಲಿ ಪಟ್ಟಿಯನ್ನು ಸಂಗ್ರಹಕಾರರೇ ತಯಾರಿಸಬೇಕು. ಇದು ಕಷ್ಟದ ಸಂಗತಿ ಎನಿಸಬಹುದು. ಆದರೆ ಹೊಸ ಸದಸ್ಯನ ಮಟ್ಟಿಗೆ ಇದೇ ದೊಡ್ಡ ಆಕರ್ಷಣೆಯೂ ಹೌದು. ನೂರಾರು ಪರಿಣತರು ಈಗಾಗಲೇ ಬರೆದು ಮುಗಿಸಿದ ವಿಷಯದಲ್ಲಿ ಹೊಸಬನಿಗೆ ಮಾಡಲು ಉಳಿದಿರುವುದು ಕಡಿಮೆ. ತನ್ನ ತಾಲ್ಲೂಕಿನ ಸೋಡಾ ಫ್ಯಾಕ್ಟರಿಗಳ ಪಟ್ಟಿ ಮಾಡುವ ಕೆಲಸದಲ್ಲಿ ಆತನೇ ಮೊದಲಿಗನಾಗಬಹುದು.

ಗೋಲಿ ಸೋಡಾ ಹೇಳುವ ಕಥೆ

ಸೀಸೆಯೊಂದು ಎಷ್ಟು ಕಥೆ ಹೇಳಬಲ್ಲದು ಎಂಬುದಕ್ಕೆ ನಮಗೆಲ್ಲ ಪರಿಚಿತವಾದ ಗೋಲಿ ಸೋಡಾ ಸಾಕು. ಸೋಡಾ ನೀರಿನಲ್ಲಿ ತುಂಬಿದ ಅನಿಲ ತಪ್ಪಿಸಿಕೊಳ್ಳದಂತೆ ಮುಚ್ಚುವುದು 19ನೆಯ ಶತಮಾನದ ದೊಡ್ಡ ಸಮಸ್ಯೆಯಾಗಿತ್ತು. ಮರದ ಬಿರಡೆ ಒಣಗಿದರೆ ಕುಗ್ಗುತ್ತದೆ, ಅನಿಲ ಸೋರುತ್ತದೆ. ಬಿರಡೆ ಸದಾ ಒದ್ದೆಯಾಗಿರಲೆಂದು ತಳವೇ ಇಲ್ಲದ, ನಿಲ್ಲಿಸಲಾಗದ, ಮಲಗಿಸಿಯೇ ಇಡಬೇಕಾದ ಮೊಟ್ಟೆಯಾಕಾರದ ಸೀಸೆಗಳನ್ನು ಮಾಡಿದ ಕಾಲವೊಂದಿತ್ತು.

ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದ ಆರಂಭದಲ್ಲಿ ಇದಕ್ಕೆ ಸರಳ ಉಪಾಯ ಕಂಡುಹಿಡಿದ. ಸೀಸೆಯ ಕುತ್ತಿಗೆಯೊಳಗೆ ಗಾಜಿನ ಗೋಲಿ, ಬಾಯಿಯ ಒಳಸುತ್ತಿಗೆ ರಬ್ಬರಿನ ಬಳೆ. ಸೋಡಾ ತುಂಬಿ ಸೀಸೆಯನ್ನು ತಲೆಕೆಳಗು ಮಾಡಿದಾಗ ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಅನಿಲವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಗೋಲಿಯನ್ನು ಒಳಕ್ಕೆ ಒತ್ತಿದರಾಯಿತು. ಕುತ್ತಿಗೆಯಲ್ಲಿರುವ ಎರಡು ತಗ್ಗುಗಳು, ಸೀಸೆಯನ್ನು ಬಗ್ಗಿಸಿದಾಗ ಗೋಲಿ ಮತ್ತೆ ಬಾಯಿಗೆ ಉರುಳದಂತೆ ತಡೆಯುತ್ತವೆ. ಬಿರಡೆ ಬೇಡ, ಮುಚ್ಚಳ ಬೇಡ. ತೊಳೆದು ಮತ್ತೆ ಮತ್ತೆ ತುಂಬಬಹುದು. ಸಣ್ಣ ಬಂಡವಾಳದ ವ್ಯಾಪಾರಿಗೆ ಇದಕ್ಕಿಂತ ಅನುಕೂಲವಾದ ಸೀಸೆ ಇರಲಿಲ್ಲ.

ಅಮೆರಿಕದ ವಿಲಿಯಂ ಪೇಂಟರ್ 1892ರಲ್ಲಿ ತಗಡಿನ ‘ಕ್ರೌನ್’ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಮೈಕೆಲ್ ಓವೆನ್ಸ್ 1903ರಲ್ಲಿ ಸೀಸೆಗಳನ್ನು ತಾನಾಗಿಯೇ ತಯಾರಿಸುವ ಯಂತ್ರವನ್ನು ರೂಪಿಸಿದ. ಇವೆರಡೂ ಹರಡುತ್ತಿದ್ದಂತೆ ಗೋಲಿ ಸೀಸೆ ತನ್ನ ತವರಿನಲ್ಲಿಯೇ ಮರೆಯಾಯಿತು. ಇಂಗ್ಲೆಂಡಿನ ಮಕ್ಕಳು ಆಟದ ಗೋಲಿಗಾಗಿ ಒಡೆದುಹಾಕಿದ ಸೀಸೆಗಳಿಗೆ ಲೆಕ್ಕವಿಲ್ಲ. ಇಂದು ಅಲ್ಲಿ ಇಡಿಯಾಗಿ ಸಿಕ್ಕ ಬಣ್ಣದ ಗೋಲಿ ಸೀಸೆಗೆ ಸಂಗ್ರಹಕಾರರು ಹಾತೊರೆಯುತ್ತಾರೆ. ಜಪಾನ್ ಮತ್ತು ಭಾರತಗಳಲ್ಲಿ ಮಾತ್ರ ಅದು ಬದುಕಿತು. ನಮ್ಮ ಜಾತ್ರೆ, ಬಸ್ ನಿಲ್ದಾಣ, ಸಿನಿಮಾ ಮಂದಿರಗಳ ಮುಂದೆ ಬಹುಕಾಲ ಮೆರೆಯಿತು. ಗಲಭೆಗಳ ವರದಿಯಲ್ಲಿ ಕಲ್ಲಿನ ಜೊತೆಗೆ ಸೋಡಾ ಬಾಟಲಿಯ ಹೆಸರೂ ಬರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. 2025ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಗೋಲಿ ಸೋಡಾ ಹೊಸ ಹೆಸರಿನಲ್ಲಿ ಅಮೆರಿಕ, ಬ್ರಿಟನ್, ಯೂರೋಪ್ ಮತ್ತು ಕೊಲ್ಲಿ ದೇಶಗಳಿಗೆ ರಫ್ತಾಗುತ್ತಿರುವುದಾಗಿ ತಿಳಿಸಿತು. ಹೊರಗಿನಿಂದ ಬಂದ ಸೀಸೆ ಒಂದೂವರೆ ಶತಮಾನದ ನಂತರ ನಮ್ಮದಾಗಿ ಹೊರಗೆ ಹೋಗುತ್ತಿದೆ.

ಇಷ್ಟು ಪರಿಚಿತವಾದ ವಸ್ತುವಿನ ಸ್ಥಳೀಯ ಚರಿತ್ರೆ ನಮ್ಮಲ್ಲಿ ಎಲ್ಲಿದೆ? ಸೀಸೆ ವ್ಯಾಪಾರಿಯ ಆಸ್ತಿ. ಗಿರಾಕಿ ಅದನ್ನು ಹಿಂದಿರುಗಿಸಬೇಕಿತ್ತು. ಅದಕ್ಕಾಗಿಯೇ ಮಾಲೀಕರು ತಮ್ಮ ಹೆಸರನ್ನೂ ಊರನ್ನೂ ಉಬ್ಬಕ್ಷರಗಳಲ್ಲಿ ಗಾಜಿನ ಮೇಲೆಯೇ ಮೂಡಿಸುತ್ತಿದ್ದರು. ಆ ಅಕ್ಷರಗಳು ಒಂದು ಬಗೆಯ ಶಾಸನಗಳೇ. ಅವುಗಳನ್ನು ಓದಿ, ಆ ಹೆಸರಿನ ಹಿಂದಿನ ಮನೆತನವನ್ನು ಹುಡುಕಿ, ಫ್ಯಾಕ್ಟರಿ ಎಲ್ಲಿತ್ತು, ನೀರು ಯಾವ ಬಾವಿಯದು, ಅನಿಲದ ಸಿಲಿಂಡರ್ ಎಲ್ಲಿಂದ ಬರುತ್ತಿತ್ತು, ಎಂದು ಮುಚ್ಚಿತು ಎಂದು ಬರೆದಿಡುವವರು ಬೇಕು. ಇದನ್ನೆಲ್ಲ ಕಣ್ಣಾರೆ ಕಂಡ ತಲೆಮಾರಿನವರು ಇಂದು ಎಪ್ಪತ್ತು ಎಂಬತ್ತು ದಾಟಿದವರು. ಕೆಲಸಕ್ಕೆ ಅವಸರವಿರುವುದು ಇದರಿಂದಲೇ.

ಕನ್ನಡ ನಾಡಿನ ಕಪಾಟು

ಸೋಡಾ ಸೀಸೆಯೊಂದೇ ಅಲ್ಲ. ದಕ್ಷಿಣ ಭಾರತದ ಐದು ಬ್ರೂವರಿಗಳು ಸೇರಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಇಂದು ಯುಬಿ ಸಿಟಿಯ ಗೋಪುರಗಳು ನಿಂತಿರುವ ಜಾಗದಲ್ಲಿ ಹಿಂದೆ ಬಿಯರ್ ತಯಾರಾಗುತ್ತಿತ್ತು. ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಉದ್ಯಮಕ್ಕೆ ಕೈಹಾಕಿತು. ಎಣ್ಣೆಗೂ ಸುಗಂಧಕ್ಕೂ ಸೀಸೆಯೇ ಉಡುಪು. 1937ರಲ್ಲಿ ಮೈಸೂರಿನಲ್ಲಿ ಆರಂಭವಾಗಿ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎನಿಸಿರುವ ಸಂಸ್ಥೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತಿದೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಬದಲಾಗುವಂಥದು. ಆದ್ದರಿಂದ ಅದನ್ನು ಬೆಳಕು ತೂರದ ಗಾಢ ಬಣ್ಣದ ಪುಟ್ಟ ಸೀಸೆಗಳಲ್ಲಿಯೇ ತುಂಬಬೇಕು. ಪ್ರಜಾಪ್ರಭುತ್ವದ ಚರಿತ್ರೆಗೆ ಸಾಕ್ಷಿಯಾದ ಸೀಸೆ ನಮ್ಮ ರಾಜ್ಯದ್ದೇ ಎಂಬುದು ಹೆಮ್ಮೆಯ ಮಾತು.

ಇವಲ್ಲದೆ, ಪ್ಲಾಸ್ಟಿಕ್ ಪ್ಯಾಕೆಟ್ ಬರುವ ಮೊದಲು ಬೆಂಗಳೂರಿನ ಮನೆಬಾಗಿಲಿಗೆ ಬರುತ್ತಿದ್ದ ಹಾಲಿನ ಸೀಸೆ, ಶಾಲೆಯ ಶಾಯಿ ಬುಡ್ಡಿ, ಕಾಂಪೌಂಡರ್ ಕಾಗದದ ಗುರುತು ಅಂಟಿಸಿ ಕೊಡುತ್ತಿದ್ದ ಔಷಧದ ಸೀಸೆ, ಅಡುಗೆಮನೆಯಲ್ಲಿ ಸಕ್ಕರೆ ಕಾಫಿಪುಡಿಗಳಿಗೆ ಆಸರೆಯಾದ ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿಯ ಭರಣಿ, 1977ರಲ್ಲಿ ಕೋಕಾಕೋಲಾ ದೇಶ ಬಿಟ್ಟ ಬಳಿಕ ಅಂಗಡಿಗಳನ್ನು ತುಂಬಿದ ದೇಶೀ ಪಾನೀಯಗಳ ಸೀಸೆಗಳು: ಇವೆಲ್ಲ ಸಂಗ್ರಹಯೋಗ್ಯವೇ. ಇವುಗಳಲ್ಲಿ ಬಹುಪಾಲಿಗೆ ನೂರು ವರ್ಷ ತುಂಬಿಲ್ಲ. ಆದರೆ ನೂರು ತುಂಬುವವರೆಗೆ ಕಾದರೆ ಉಳಿಯುವುದು ಏನೂ ಇರುವುದಿಲ್ಲ.

ವಯಸ್ಸು ತಿಳಿಯುವ ಬಗೆ

ಹೊಸ ಸದಸ್ಯನಿಗೆ ಮೊದಲ ಸಭೆಯಲ್ಲಿಯೇ ಕಲಿಸಬಹುದಾದ, ಕಲಿತ ಕೂಡಲೇ ಆನಂದ ಕೊಡುವ ವಿದ್ಯೆ ಇದು. ಸೀಸೆಯ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಹರಿದ ಸಣ್ಣ ಗೆರೆಯನ್ನು ಗಮನಿಸಬೇಕು. ಅದು ಅಚ್ಚಿನ ಎರಡು ಭಾಗಗಳು ಕೂಡಿದ ಗುರುತು. ಈ ಗೆರೆ ಕುತ್ತಿಗೆಯ ಬಳಿ ನಿಂತು, ಬಾಯಿಯ ಸುತ್ತು ನಯವಾಗಿದ್ದರೆ, ಬಾಯಿಯನ್ನು ಕುಶಲಕರ್ಮಿ ಕೈಯಿಂದ ರೂಪಿಸಿದ್ದಾನೆಂದು ಅರ್ಥ. ಗೆರೆ ಬಾಯಿಯ ಅಂಚನ್ನೂ ದಾಟಿದ್ದರೆ ಅದು ಯಂತ್ರದ ಸೀಸೆ. ಸಾಮಾನ್ಯವಾಗಿ 20ನೆಯ ಶತಮಾನದ್ದು. ತಳದ ನಡುವೆ ಒರಟಾದ ಗಾಯದಂಥ ಗುರುತಿದ್ದರೆ, ಬಾಯಿಯನ್ನು ರೂಪಿಸುವಾಗ ಸೀಸೆಯನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯನ್ನು ಅಲ್ಲಿಂದ ಕಿತ್ತಿದ್ದಾರೆ. ಅಂಥ ಸೀಸೆಗಳು ಬಹುಮಟ್ಟಿಗೆ 19ನೆಯ ಶತಮಾನದ ಮಧ್ಯಭಾಗಕ್ಕೆ ಮುಂಚಿನವು. ಓವೆನ್ಸ್ ಯಂತ್ರದ ಸೀಸೆಗಳ ತಳದಲ್ಲಿ ವೃತ್ತಾಕಾರದ ಗೀರು ಕಾಣುತ್ತದೆ.

ಬಣ್ಣವೂ ಮಾತನಾಡುತ್ತದೆ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಹೋಗಲಾಡಿಸಲು 1880ರಿಂದ ಮೊದಲ ಮಹಾಯುದ್ಧದವರೆಗೆ ಮ್ಯಾಂಗನೀಸ್ ಬೆರೆಸುತ್ತಿದ್ದುದು ಹೆಚ್ಚು. ಅಂಥ ಗಾಜು ವರ್ಷಗಟ್ಟಲೆ ಬಿಸಿಲು ಕಂಡರೆ ನೇರಳೆಗೆ ತಿರುಗುತ್ತದೆ. ಕಡು ನೀಲಿ ಬಣ್ಣ ಕೋಬಾಲ್ಟ್‌ನದು. ಯುರೋಪಿನಲ್ಲಿ ವಿಷದ ಸೀಸೆಗಳನ್ನು ಕಡುನೀಲಿಯಲ್ಲಿ, ಮೈಮೇಲೆ ಏಣುಗಳಿರುವಂತೆ ಮಾಡುತ್ತಿದ್ದುದು, ಕತ್ತಲೆಯಲ್ಲಿ ಔಷಧಕ್ಕೆ ತಡಕಾಡುವ ಕೈಗೆ ಎಚ್ಚರಿಕೆ ಸಿಗಲೆಂದು.

ಈ ಸೂತ್ರಗಳಿಗೆ ಅಪವಾದಗಳಿವೆ. ಕೈಗೆಲಸದ ಪದ್ಧತಿ ಯುರೋಪಿನಲ್ಲಿ ನಿಂತ ಬಳಿಕವೂ ನಮ್ಮಲ್ಲಿ ಬಹುಕಾಲ ಮುಂದುವರಿದಿದೆ. ಒಂದೇ ಗುರುತನ್ನು ನಂಬದೆ ನಾಲ್ಕಾರನ್ನು ಕೂಡಿಸಿ ನೋಡುವುದು ವಿವೇಕ. ಇಂಥ ವಿವೇಕ ಬರುವುದು ನೂರು ಸೀಸೆಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಅಷ್ಟು ಸೀಸೆಗಳು ಒಂದೆಡೆ ಸಿಗುವುದು ಸಂಘದಲ್ಲಿಯೇ.

ಸಂಘಗಳು ಸೊರಗುವುದೇಕೆ?

ಹವ್ಯಾಸಿ ಸಂಘಗಳ ಇತಿಹಾಸ ಬಹುಮಟ್ಟಿಗೆ ಒಂದೇ ರೀತಿಯದು. ಐದಾರು ಉತ್ಸಾಹಿಗಳು ಸೇರಿ ಆರಂಭಿಸುತ್ತಾರೆ. ಮೊದಲ ಐದು ವರ್ಷ ಸಭೆಗಳು ತುಂಬಿರುತ್ತವೆ. ಬರಬರುತ್ತ ಎಲ್ಲರಿಗೂ ಎಲ್ಲರ ಸಂಗ್ರಹ ಪರಿಚಿತವಾಗುತ್ತದೆ, ಮಾತು ಪರಿಭಾಷೆಯಿಂದ ತುಂಬುತ್ತದೆ, ಹೊರಗಿನಿಂದ ಬಂದವನು ಮೂಲೆಯಲ್ಲಿ ಕುಳಿತು ಚಹಾ ಕುಡಿದು ಹೋಗುತ್ತಾನೆ. ಮರುತಿಂಗಳು ಆತ ಬರುವುದಿಲ್ಲ. ಕಾರ್ಯದರ್ಶಿ ಹತ್ತು ವರ್ಷಗಳಿಂದ ಒಬ್ಬರೇ. ಅವರಿಗೆ ಅನಾರೋಗ್ಯವಾದರೆ ಸಭೆಯೂ ಇಲ್ಲ.

ಎರಡನೆಯ ಕಾರಣ ಬೆಲೆ. ಸೀಸೆಯನ್ನು ತೋರಿಸಿದ ಕೂಡಲೇ ‘ಇದಕ್ಕೆಷ್ಟು ಬಂದೀತು’ ಎಂಬ ಪ್ರಶ್ನೆ ಮೇಲುಗೈ ಪಡೆದರೆ ಸಂಘ ಸಂತೆಯಾಗುತ್ತದೆ. ಹಣವಿಲ್ಲದ ವಿದ್ಯಾರ್ಥಿ ಹಿಂದೆ ಸರಿಯುತ್ತಾನೆ. ಹಣವಿರುವವನು ನಕಲಿ ಮಾಲಿಗೆ ಬಲಿಯಾಗುತ್ತಾನೆ. ಗೋಲಿ ಸೀಸೆಗಳು ಇಂದಿಗೂ ತಯಾರಾಗುತ್ತಿವೆ ಎಂಬುದನ್ನು ಮರೆಯಬಾರದು. ಹೊಸ ಸೀಸೆಗೆ ಮಣ್ಣು ಮೆತ್ತಿ ‘ಬ್ರಿಟಿಷರ ಕಾಲದ್ದು’ ಎಂದು ಮಾರುವುದು ಕಷ್ಟವೇನಲ್ಲ.

ಮೂರನೆಯ ಕಾರಣ ಗುಟ್ಟು. ತಾನು ಕಂಡುಕೊಂಡ ಗುಜರಿ ಅಂಗಡಿಯ ವಿಳಾಸವನ್ನು ಸಂಗ್ರಹಕಾರ ಇನ್ನೊಬ್ಬನಿಗೆ ಹೇಳುವುದಿಲ್ಲ. ಸ್ಪರ್ಧೆಯ ದೃಷ್ಟಿಯಿಂದ ಇದು ಸಹಜ. ಆದರೆ ಸೀಸೆ ಎಲ್ಲಿ ಸಿಕ್ಕಿತು ಎಂಬ ಮಾಹಿತಿ ಕಳೆದುಹೋದರೆ ಅದರ ಅರ್ಧ ಚರಿತ್ರೆ ಕಳೆದುಹೋದಂತೆ.

ಹೊಸಬರಿಗೆ ಬಾಗಿಲು

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬಂದವನಿಗೆ ಮೊದಲ ದಿನವೇ ಒಂದು ಕೆಲಸ ಕೊಡಬೇಕು. ಭಾಷಣ ಕೇಳಿಸುವ ಬದಲು ಆತನ ಕೈಗೆ ಒಂದು ಸೀಸೆ, ಒಂದು ಅಳತೆಪಟ್ಟಿ, ಒಂದು ನಮೂನೆ ಕೊಟ್ಟು, ಎತ್ತರ, ಬಣ್ಣ, ಅಚ್ಚಿನ ಗೆರೆ, ಬಾಯಿಯ ಬಗೆ, ಮೇಲಿನ ಅಕ್ಷರ, ಸಿಕ್ಕ ಸ್ಥಳ ಇವುಗಳನ್ನು ತುಂಬಲು ಹೇಳಬೇಕು. ಅರ್ಧ ಗಂಟೆಯಲ್ಲಿ ಆತ ಪ್ರೇಕ್ಷಕನಾಗಿ ಉಳಿದಿರುವುದಿಲ್ಲ. ಸಂಘದ ದಾಖಲೆಯಲ್ಲಿ ಆತನ ಹೆಸರಿನ ಪುಟವೊಂದಿರುತ್ತದೆ. ಮನುಷ್ಯ ಮರಳಿ ಬರುವುದು ತನ್ನದೆನ್ನುವುದು ಏನಾದರೂ ಇರುವ ಕಡೆಗೆ.

ಎರಡನೆಯದು, ಪ್ರವೇಶಕ್ಕೆ ಅರ್ಹತೆಯ ಗೋಡೆ ಬೇಡ. ಮನೆಯ ಹಳೆಯ ಶಾಯಿ ಬುಡ್ಡಿಯೊಂದನ್ನು ತಂದವರೂ ಸದಸ್ಯರೇ. ಮೊದಲ ವರ್ಷ ಶುಲ್ಕವಿಲ್ಲದಿದ್ದರೆ ಉತ್ತಮ. ಮಕ್ಕಳು ಬಂದರೆ ಹೆಚ್ಚುವರಿ ಪ್ರತಿಗಳಲ್ಲಿ ಒಡೆಯದ, ಚೂಪಿಲ್ಲದ ಸೀಸೆಯೊಂದನ್ನು ಕೊಡುಗೆಯಾಗಿ ಕೊಡಬೇಕು. ಸಂಗ್ರಹ ಆರಂಭವಾಗುವುದು ಒಂದರಿಂದಲೇ.

ಮೂರನೆಯದು, ಸಂಗ್ರಹಿಸದವರನ್ನೂ ಕರೆಯಬೇಕು. ಸೋಡಾ ಫ್ಯಾಕ್ಟರಿಯಲ್ಲಿ ದುಡಿದ ಹಿರಿಯರು, ಹಳೆಯ ಔಷಧಾಲಯದ ಮಾಲೀಕರು, ರಸಾಯನಶಾಸ್ತ್ರದ ಅಧ್ಯಾಪಕರು, ಛಾಯಾಚಿತ್ರ ತೆಗೆಯಬಲ್ಲ ಯುವಕರು, ಭರಣಿಗಳ ಬಳಕೆ ಬಲ್ಲ ಗೃಹಿಣಿಯರು ಇವರೆಲ್ಲರ ತಿಳಿವಳಿಕೆ ಸಂಘಕ್ಕೆ ಬೇಕು. ಎಲ್ಲರಿಗಿಂತ ಮುಖ್ಯವಾಗಿ ಗುಜರಿ ಅಂಗಡಿಯವರು ಮತ್ತು ಪಾಲಿಕೆಯ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ದುಡಿಯುವವರು ಬೇಕು. ಊರಿನ ಎಲ್ಲ ಸೀಸೆಗಳೂ ಹಾದುಹೋಗುವುದು ಅವರ ಕೈಯಿಂದ. ಉಬ್ಬಕ್ಷರವಿರುವ ಸೀಸೆಯನ್ನು ಬೇರೆ ತೆಗೆದಿಡಿ ಎಂದು ತೋರಿಸಿಕೊಟ್ಟು, ಅದಕ್ಕೆ ನ್ಯಾಯವಾದ ಬೆಲೆ ತೆತ್ತರೆ ಅವರಿಗಿಂತ ನುರಿತ ಕಣ್ಣು ಬೇರೊಂದಿಲ್ಲ. ಅವರನ್ನು ಪೂರೈಕೆದಾರರೆಂದಷ್ಟೇ ಕಾಣದೆ ಸಭೆಗೆ ಕರೆದು ಕೂರಿಸುವುದು ಸಂಘದ ಘನತೆಯನ್ನು ಹೆಚ್ಚಿಸುತ್ತದೆ.

ನಾಲ್ಕನೆಯದು, ಹೊಣೆ ಹಂಚಬೇಕು. ಸಭೆಯ ವಿಷಯವನ್ನು ಪ್ರತಿ ತಿಂಗಳೂ ಬೇರೆ ಬೇರೆ ಸದಸ್ಯರು ಆರಿಸಲಿ: ಒಮ್ಮೆ ಶಾಯಿ ಬುಡ್ಡಿ, ಒಮ್ಮೆ ಹಾಲಿನ ಸೀಸೆ, ಒಮ್ಮೆ ಬಿರಡೆಗಳು. ಎರಡು ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘವೊಂದನ್ನು ನೋಂದಾಯಿಸಲು ಏಳು ಮಂದಿ ಸಾಕು. ಆದರೆ ನೋಂದಣಿಗಿಂತ ಮೊದಲು ಒಂದು ವರ್ಷ ತಪ್ಪದೆ ಸಭೆ ಸೇರಿ ತೋರಿಸುವುದು ಒಳಿತು.

ನಮ್ಮ ಮುಂದಿರುವ ಮಾದರಿಗಳು

ಸಾಮಾನ್ಯ ವಸ್ತುವಿಗೆ ಅಸಾಮಾನ್ಯ ಗೌರವ ತಂದುಕೊಟ್ಟ ಉದಾಹರಣೆಗಳು ನಮ್ಮಲ್ಲಿಯೇ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ ಒನಕೆ, ಮೊರ, ಬುಟ್ಟಿಗಳನ್ನು ಅರಮನೆಯಲ್ಲಿ ಇಡುವುದೇ ಎಂದು ಹುಬ್ಬೇರಿಸಬಹುದಿತ್ತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ಉದ್ಘಾಟನೆಗೊಂಡಿತು. ಹಳ್ಳಿಯ ಅಟ್ಟಗಳಲ್ಲಿ ಧೂಳು ತಿನ್ನುತ್ತಿದ್ದ ವಸ್ತುಗಳನ್ನು ನೋಡಲು ಇಂದು ಮೈಸೂರು ರಸ್ತೆಯ ಪ್ರವಾಸಿಗರು ವಾಹನ ನಿಲ್ಲಿಸಿ ಒಳಗೆ ಹೋಗುತ್ತಾರೆ.

ಇನ್ನೂ ಹತ್ತಿರದ ಮಾದರಿ ಬೆಂಗಳೂರಿನ ಶಾಸನಗಳದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಅನೇಕ ಕಲ್ಲುಗಳು ನಗರ ಬೆಳೆದಂತೆ ಕಣ್ಮರೆಯಾದವು. ಉಳಿದವನ್ನು ಹುಡುಕಿ, ಊರಿನವರಿಗೆ ಅವುಗಳ ಮಹತ್ವ ತಿಳಿಸಿ ರಕ್ಷಿಸುವ ಕೆಲಸವನ್ನು ಇತಿಹಾಸದ ವೃತ್ತಿಯವರಲ್ಲದ ಆಸಕ್ತರೂ ಕೈಗೆತ್ತಿಕೊಂಡರು. 2021ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಅವುಗಳ ಮೂರು ಆಯಾಮದ ಡಿಜಿಟಲ್ ದಾಖಲೀಕರಣ ಆರಂಭವಾಯಿತು. ‘ಈ ಕಲ್ಲಿನಲ್ಲಿ ನಿಮ್ಮ ಊರಿನ ಹೆಸರಿದೆ’ ಎಂದು ತಿಳಿದ ಕ್ಷಣ ಜನ ಅದನ್ನು ತಮ್ಮದೆಂದು ಕಾಪಾಡಿಕೊಳ್ಳುತ್ತಾರೆ. ಸೀಸೆಯ ವಿಷಯದಲ್ಲಿಯೂ ಇದೇ ಸೂತ್ರ ಅನ್ವಯಿಸುತ್ತದೆ. ದುಬಾರಿ ವಿದೇಶಿ ಸೀಸೆಯ ಪ್ರದರ್ಶನಕ್ಕಿಂತ, ಕೆಂಗೇರಿಯದೋ ಮಾಗಡಿಯದೋ ಹೆಸರು ಹೊತ್ತ ಸಾಧಾರಣ ಸೀಸೆ ಹೆಚ್ಚು ಜನರನ್ನು ಹತ್ತಿರಕ್ಕೆ ಕರೆಯುತ್ತದೆ.

ಕಾನೂನು ಮತ್ತು ಎಚ್ಚರಿಕೆ

ಹೊಸಬರು ತಿಳಿದಿರಬೇಕಾದ ಕಟ್ಟುಪಾಡುಗಳಿವೆ. ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ, 1972ರ ಪ್ರಕಾರ ಚಾರಿತ್ರಿಕ ಮಹತ್ವವಿರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತದೆ. ಅಂಥದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನೂರು ವರ್ಷ ತುಂಬಿದ ಸೀಸೆಯನ್ನು ಹೊರದೇಶದ ಮಿತ್ರನಿಗೆ ಅಂಚೆಯಲ್ಲಿ ಕಳುಹಿಸುವ ಮುನ್ನ ಪುರಾತತ್ತ್ವ ಇಲಾಖೆಯನ್ನು ವಿಚಾರಿಸುವುದು ಕ್ಷೇಮ. ಅಮೆರಿಕ, ಇಂಗ್ಲೆಂಡ್‌ಗಳ ಹವ್ಯಾಸಿಗಳನ್ನು ನೋಡಿ ಇಲ್ಲಿ ನೆಲ ಅಗೆಯಲು ಹೊರಡಬಾರದು. ಸಂರಕ್ಷಿತ ಸ್ಮಾರಕಗಳ ಸುತ್ತ ಅಗೆಯುವುದು ಅಪರಾಧ. ಬೇರೆಡೆ ಮಾಲೀಕರ ಒಪ್ಪಿಗೆ ಬೇಕು, ನೆಲದಲ್ಲಿ ಸಿಕ್ಕ ನಿಧಿಗೆ ಪ್ರತ್ಯೇಕ ಕಾನೂನೇ ಇದೆ. ನಮ್ಮ ಸೀಸೆಗಳು ಮಣ್ಣಿಗಿಂತ ಹೆಚ್ಚಾಗಿ ಅಟ್ಟ, ಗೋದಾಮು, ಗುಜರಿಗಳಲ್ಲಿಯೇ ಇವೆ.

ಒಳಗೆ ಏನಾದರೂ ಉಳಿದಿರುವ ಹಳೆಯ ಔಷಧದ ಸೀಸೆಯನ್ನು ತೆರೆಯಬಾರದು, ಮೂಸಬಾರದು. ತಣ್ಣನೆಯ ಗಾಜಿಗೆ ಬಿಸಿನೀರು ಸುರಿದರೆ ಸೀಳುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ ಸಾಕು. ಕಾಗದದ ಗುರುತುಚೀಟಿ ಇದ್ದರೆ ನೀರು ಸೋಕಿಸಲೇಬಾರದು. ಬಹುಕಾಲ ಒದ್ದೆ ಮಣ್ಣಿನಲ್ಲಿದ್ದ ಗಾಜಿನ ಮೇಲೆ ಕಾಣುವ ಮಂಜಿನಂಥ ಪೊರೆ ಕೊಳೆಯಲ್ಲ. ಗಾಜಿನ ಕ್ಷಾರಾಂಶ ಹೊರಬಂದು ಮೇಲ್ಮೈ ಕೆಟ್ಟಿರುವುದರ ಲಕ್ಷಣ ಅದು, ಉಜ್ಜಿದರೆ ಹೋಗುವುದಿಲ್ಲ.

ಬಡಾವಣೆಯಿಂದಲೇ ಆರಂಭ

ಇಂಥ ಸಂಘಕ್ಕೆ ರಾಜರಾಜೇಶ್ವರಿನಗರದಂಥ ಬಡಾವಣೆ ತಕ್ಕ ನೆಲ. ಕೈಲಾಸಾಶ್ರಮದ ರಾಜರಾಜೇಶ್ವರಿ ದೇವಾಲಯದಿಂದ ಹೆಸರು ಪಡೆದ ಈ ಪ್ರದೇಶ ಬೆಳೆದದ್ದು, ಹಳೆಯ ಬೆಂಗಳೂರಿನ ಪೇಟೆಗಳಿಂದಲೂ ಮಂಡ್ಯ, ಮೈಸೂರು, ರಾಮನಗರದ ಕಡೆಗಳಿಂದಲೂ ಬಂದು ನೆಲೆಸಿದ ಕುಟುಂಬಗಳಿಂದ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಅಟ್ಟವಿಲ್ಲ. ಊರಿನ ಮನೆ ಮಾರುವಾಗ, ತಂದೆತಾಯಿಗಳನ್ನು ಇಲ್ಲಿಗೆ ಕರೆತರುವಾಗ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಇಂಥ ಮನೆಗಳಲ್ಲಿಯೇ ನಡೆಯುತ್ತದೆ. ಆ ತೀರ್ಮಾನದ ಹೊತ್ತಿಗೆ ‘ಒಮ್ಮೆ ಸಂಘದವರಿಗೆ ತೋರಿಸೋಣ’ ಎಂದು ನೆನಪಾಗುವಂತಿದ್ದರೆ ಅದಕ್ಕಿಂತ ದೊಡ್ಡ ಯಶಸ್ಸಿಲ್ಲ.

ಹೋಗಿಬರುವ ತೊಂದರೆಯೂ ತಗ್ಗಿದೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂತು. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಮಾರ್ಗವಾಗಿದೆ. ರಾಜರಾಜೇಶ್ವರಿನಗರ ಅಥವಾ ಜ್ಞಾನಭಾರತಿ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಮುದಾಯ ಭವನ, ಗ್ರಂಥಾಲಯ ಅಥವಾ ಶಾಲೆಯ ಕೊಠಡಿ ತಿಂಗಳಿಗೊಂದು ಭಾನುವಾರ ಎರಡು ಗಂಟೆ ದೊರೆತರೆ ಕೆಲಸ ನಡೆಯುತ್ತದೆ. ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಸಮಯದಲ್ಲಿ, ಬಡಾವಣೆಯ ಮನೆಗಳ ಸೀಸೆಗಳನ್ನೇ ಸೇರಿಸಿ ‘ನಿಮ್ಮ ಮನೆಯ ಹಳೆಯ ಸೀಸೆ ತನ್ನಿ’ ಎಂಬ ಪ್ರದರ್ಶನ ಏರ್ಪಡಿಸಬಹುದು. ತಂದವರ ಹೆಸರನ್ನು ಸೀಸೆಯ ಪಕ್ಕದಲ್ಲಿ ಬರೆದಿಟ್ಟರೆ ಅವರು ಬಂಧುಗಳನ್ನು ಕರೆದುಕೊಂಡು ಮತ್ತೆ ಬರುತ್ತಾರೆ.

ಸಂಘ ಆರಂಭವಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಬಾರಿ ಹಳೆಯ ಸಾಮಾನು ಹೊರಹಾಕುವಾಗ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಅಕ್ಷರವಿದ್ದರೆ ಚಿತ್ರ ತೆಗೆದು, ಅದು ಯಾರ ಮನೆಯದು, ಯಾವ ಊರಿನದು, ಯಾವುದಕ್ಕೆ ಬಳಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ನಾಲ್ಕು ಸಾಲು ಬರೆದಿಡಬೇಕು. ಹಾಗೆ ಬರೆದ ನಾಲ್ವರು ಪರಸ್ಪರ ಪರಿಚಯವಾದ ದಿನ ಸಂಘ ತಾನಾಗಿಯೇ ಆರಂಭವಾಗಿರುತ್ತದೆ. ಐದನೆಯವರಿಗೆ ಕುರ್ಚಿಯೊಂದನ್ನು ಸದಾ ಖಾಲಿ ಇಟ್ಟಿರುವುದಷ್ಟೇ ಅದು ಮಾಡಬೇಕಾದ ಮುಂದಿನ ಕೆಲಸ.